ಉರಿಯುವ ಎಣ್ಣೆಯೂ ನಮ್ಮ ಮಾವನೂ

ಅಪಾಯ ಬಂದಾಗ ಮನುಷ್ಯನ ಬಾಯಲ್ಲಿ ದೇವರ ಹೆಸರು ಬರುತ್ತದಂತೆ. ನಾನೂ ಹಾಗೇ ನಂಬಿದ್ದೆ. ಆದರೆ ನಮ್ಮ ಹಿತ್ತಲ ಒಲೆಯ ಮೇಲೆ ಎಣ್ಣೆಗೆ ಬೆಂಕಿ ಹತ್ತಿದ ದಿನ ನನ್ನ ಬಾಯಿಂದ ಬಂದದ್ದನ್ನು ಬರೆಯಲು ಈಗಲೂ ನಾಚಿಕೆ. ಆದರೂ ಬರೆಯುತ್ತೇನೆ. ನಮ್ಮ ನಿಂಬರ್ಗಾ ಊರಿಗೆಲ್ಲ ಗೊತ್ತಾಗಿರುವಾಗ ನಿಮಗೊಬ್ಬರಿಗೆ ಮುಚ್ಚಿಟ್ಟು ಏನು ಮಾಡಲಿ?

ನಮ್ಮ ಮನೆಯಲ್ಲಿ ಗ್ಯಾಸ್ ಇದೆ. ಬೀಗರು ಬರುವ ದಿನವೇ ತೀರಬೇಕೆಂಬುದು ಅದರ ನೇಮ. ಅಂದು ನಾದಿನಿಯ ಗಂಡನ ಮನೆಯವರು ಜೇವರ್ಗಿಯಿಂದ ಬರುವವರಿದ್ದರು. ನನ್ನ ಗಂಡ ಅವರನ್ನು ಕರೆತರಲು ಬಸ್‌ಸ್ಟ್ಯಾಂಡಿಗೆ ಹೋಗಿದ್ದರು. ಮನೆಯಲ್ಲಿದ್ದವರು ನಾನು, ಮತ್ತೆ ಮಾವ. ಮಾವನೆಂದರೆ ನನಗೆ ಒಳಗೊಳಗೇ ಭಯ. ಮದುವೆಯಾಗಿ ಬಂದಂದಿನಿಂದ ನಾನು ತಲೆ ತಗ್ಗಿಸಿ, ಚಹಾ ತರಲೇ ಎಂದು ಮೆಲ್ಲಗೆ ಕೇಳಿದಾಗಲೆಲ್ಲ ಅವರು ಮೀಸೆ ನೇವರಿಸುತ್ತ ಗೋಡೆ ನೋಡುತ್ತಿದ್ದರು. ನಾನು ಇವರಿಗೆ ಹಿಡಿಸಿಲ್ಲವೆಂದು ತಿಳಿದು ದನಿಯನ್ನು ಇನ್ನಷ್ಟು ಇಳಿಸಿದ್ದೆ. ಮಿಕ್ಕವರೆಲ್ಲ ಅವರೊಡನೆ ಒದರಿ ಮಾತಾಡುವುದನ್ನು ಕೇಳಿ, ಈ ಮನೆತನವೇ ಸ್ವಲ್ಪ ಒರಟು ಎಂದೂ ತೀರ್ಮಾನಿಸಿದ್ದೆ.

ಮಿರ್ಚಿ ಭಜಿಗೆಂದು ಹಿತ್ತಲ ಒಲೆಯ ಮೇಲೆ ಕಡಾಯಿ ಇಟ್ಟು, ಎಣ್ಣೆ ಸುರಿದು, ತೊಗರಿಕಟ್ಟಿಗೆ ತುರುಕಿದೆ. ತೊಗರಿಕಟ್ಟಿಗೆ ಹತ್ತುವವರೆಗೆ ಹೊಗೆಯುಗುಳಿ ಅಳಿಸುತ್ತದೆ. ಹತ್ತಿತೆಂದರೆ ಕಡಾಯಿಗಿಂತ ಎತ್ತರಕ್ಕೆ ಕುಣಿಯುತ್ತದೆ. ನಾನು ಹಿಟ್ಟು ಕಲಸಿ ತಿರುಗಿ ನೋಡುವಷ್ಟರಲ್ಲಿ ಉರಿ ಅಂಚು ದಾಟಿತ್ತು. ಹೊಗೆಯಾಡುತ್ತಿದ್ದ ಎಣ್ಣೆಯೇ ಭಗ್ಗೆಂದು ಹತ್ತಿಕೊಂಡಿತು.

ಅಂಗಳದಲ್ಲಿದ್ದ ಮಾವ ಓಡಿಬಂದು ನೀರಿನ ಬಕೆಟ್ ಎತ್ತಿ ಒಲೆಯ ಮೇಲೆ ಬಗ್ಗಿದರು. ಮಣ್ಣೂರಿನಲ್ಲಿ ನನ್ನ ಚಿಕ್ಕಮ್ಮ ಹೀಗೇ ಉರಿಯುವ ಎಣ್ಣೆಗೆ ನೀರು ಹಾಕಿದ್ದಳು. ಬೆಂಕಿ ಆರಲಿಲ್ಲ, ಎಣ್ಣೆಯನ್ನೂ ಎತ್ತಿಕೊಂಡು ಅವಳ ಮೈಮೇಲೆ ಬಂತು. ಇಂದಿಗೂ ಅವಳು ಮದುವೆಮನೆಗೆ ಬಂದರೆ ಎಡಗೈ ಸೆರಗಿನಡಿಯಲ್ಲೇ ಇರುತ್ತದೆ. ಆ ಕೈ ಕಣ್ಣಮುಂದೆ ಬಂದದ್ದೇ ನಾನು ಒದರಿದೆ:

"ಲೇ ಮುದುಕಾ, ನೀರ ಹಾಕಬ್ಯಾಡ. ದೂರ ಸರಿ."

ಮಾವ ಬಕೆಟ್ ಹಿಡಿದವರು ಹಾಗೇ ಹಿಂದೆ ಸರಿದರು. ನಾನು ಸೆರಗು ಸೊಂಟಕ್ಕೆ ಸಿಕ್ಕಿಸಿ, ರೊಟ್ಟಿಯ ದೊಡ್ಡ ಹಂಚನ್ನು ಇಕ್ಕಳದಲ್ಲಿ ಹಿಡಿದು, ಪಕ್ಕದಿಂದ ಸರಿಸುತ್ತ ಕಡಾಯಿಯ ಬಾಯಿ ಮುಚ್ಚಿದೆ. ಉರಿಯುವ ಕಟ್ಟಿಗೆಯನ್ನು ಹೊರಗೆಳೆದು ಮಣ್ಣೆರಚಿದೆ, ಒಲೆಯೊಳಗಿನ ಕೆಂಡಕ್ಕೆ ಬೂದಿ ಸುರಿದೆ. ಕಡಾಯಿ ಮಾತ್ರ ಅಲುಗಿಸಲಿಲ್ಲ. ಹಂಚೆತ್ತಿ ನೋಡಲು ಕೈ ತುರಿಸುತ್ತಿತ್ತು. ಗಾಳಿ ತಾಗಿದರೆ ಮತ್ತೆ ಹತ್ತೀತೆಂದು ತಡೆದುಕೊಂಡೆ. ಉರಿಯೆಲ್ಲ ಅಡಗಿದ ಮೇಲೆ ಸೊಂಟದ ಸೆರಗು ಬಿಚ್ಚಿ ತಲೆಯ ಮೇಲೆ ಎಳೆದುಕೊಂಡೆ. ನಾನು ಯಾರಿಗೆ ಏನೆಂದೆನೆಂಬುದು ಆಗ ನೆನಪಾಗಿತ್ತು. ಮಾವ ಬಕೆಟ್ ಇಳಿಸಿ ಹೊರಗಿನ ಕಟ್ಟೆಗೆ ಹೋಗಿಬಿಟ್ಟರು.

ಬೀಗರು ಬಂದರು. ಭಜಿಯ ಬದಲು ಡಬ್ಬಿಯಲ್ಲಿದ್ದ ಅವಲಕ್ಕಿ ಚೂಡಾ ಕೊಟ್ಟು, ತವರಿಗೆ ಯಾವ ಬಸ್ಸು ಹಿಡಿಯಲಿ ಎಂದು ಯೋಚಿಸುತ್ತ ಬಾಗಿಲ ಹಿಂದೆ ನಿಂತೆ. ಸುಟ್ಟ ವಾಸನೆ ಏನೆಂದು ಯಾರೋ ಕೇಳಿದರು. ಮಾವ ಗಂಟಲು ಸರಿಮಾಡಿಕೊಂಡರು.

"ಭಜಿ ಆಗಲಿಲ್ರಿ, ಆದ್ರ ನನ್ನ ಮೀಸಿ ಉಳೀತು. ಸೊಸಿ ಉಳಿಸ್ಯಾಳ," ಎಂದು ಬಾಗಿಲ ಕಡೆ ತಿರುಗಿದರು. "ಯವ್ವಾ, ಇಷ್ಟ ದಿನ ನೀ ಬಾಯಾಗೇ ಗುಣುಗುಣು ಅಂತಿದ್ದಿ. ನನ್ನ ಕೂಡ ಮಾತಾಡೂದು ನಿನಗ ಬ್ಯಾಸರ ಅಂತ ತಿಳಿದಿದ್ದೆ. ಇವತ್ತ ಛಂದಂಗ ಕೇಳಿಸ್ತು. ಇನ್ನ ಮ್ಯಾಲ ಹಂಗೇ ಮಾತಾಡು."

ನನ್ನ ಗಂಡನ ಮುಖ ನೋಡಿದೆ. ಅಪ್ಪನ ಕಿವಿ ಮಂದವೆಂಬುದು ನಿನಗೆ ಗೊತ್ತೇ ಇರಲಿಲ್ಲವೇ ಎಂದು ಅವರು ನನ್ನನ್ನೇ ಕೇಳಿದರು. ಅವರು ಹೇಳಿರಲಿಲ್ಲ, ನಾನು ಕೇಳಿರಲಿಲ್ಲ. ಅಳುವೋ ನಗುವೋ ಬಂತು. ಒಳಗೆ ಹೋಗಿ ಕಣ್ಣೊರೆಸಿಕೊಂಡು, ತಪ್ಪನ್ನು ಹೊಗೆಯ ಮೇಲೆ ಹಾಕಿದೆ.

ಈಗ ನಮ್ಮಿಬ್ಬರದು ಬಲು ಮಾತು. ಚಹಾ, ಹವಾಮಾನ, ತೊಗರಿಗೆ ಬಿದ್ದ ಹುಳು, ಎಲ್ಲವನ್ನೂ ನಾನು ಒದರುತ್ತೇನೆ, ಅವರೂ ಒದರುತ್ತಾರೆ. ಮೊನ್ನೆ ಹೊಸದಾಗಿ ಬಂದ ಪಕ್ಕದ ಮನೆಯಾಕೆ ನನ್ನನ್ನು ಗೋಡೆಯ ಬಳಿ ಕರೆದು, ಬಲು ಕನಿಕರದಿಂದ ಬುದ್ಧಿ ಹೇಳಿದಳು: "ಹಿರಿ ಜೀವ ಬೇ. ದಿನಾ ಜಗಳ ಆಡಬ್ಯಾಡ, ಹೊಂದಿಕೊಂಡು ಹೋಗು." ಆಗಲಿ ಎಂದು ತಲೆಯಾಡಿಸಿದೆ. ಒಳಗೆ ಮಾವ ಚಹಾಕ್ಕೆ ಸಕ್ಕರೆ ಸಾಲದೆಂದು ಒದರುತ್ತಿದ್ದರು. ನಾನೂ ಅಲ್ಲಿಂದಲೇ ಒದರಿ ಉತ್ತರ ಕೊಟ್ಟೆ.