ಗಗನಮಲ್ಲನ ಕಂಬಳಿ

ಚಿತ್ರದುರ್ಗದಲ್ಲಿ ನಾಟಕದ ಡ್ರೆಸ್ ಬಾಡಿಗೆಗೆ ಕೊಡುವ ಅಂಗಡಿ ಇಟ್ಟವನಿಗೆ ಹುಚ್ಚರ ಸಹವಾಸ ತಪ್ಪುವುದಿಲ್ಲ. ಎಲ್ಲರೂ ಕಿರೀಟ ಒಯ್ದು ವಾಪಸು ತರುತ್ತಿದ್ದರು. ಎಪ್ಪತ್ತರ ದಶಕದಲ್ಲಿ ಬಂದ ಒಬ್ಬ ಮಹಾನುಭಾವ ಮಾತ್ರ ನನ್ನನ್ನೇ ಒಯ್ದ.

೧. ಮಹಾನಿರ್ದೇಶಕ

ಆತ ಮದರಾಸಿನಲ್ಲಿ ಸಿನಿಮಾ ಕಲಿತವನಂತೆ. ಸ್ಟುಡಿಯೋ ಗೇಟಿನ ಯಾವ ಕಡೆ ನಿಂತು ಕಲಿತ ಎಂದು ನಾನು ಕೇಳಲಿಲ್ಲ. ಚಿತ್ರದ ಹೆಸರು ‘ಗಗನಮಲ್ಲ’. ನಾಯಕ ಕೋಟೆಯ ಬಂಡೆಯಿಂದ ಹಾರಿ, ಹಿರಿಯೂರಿನ ಮೇಲೆ ತೇಲಿ, ರಾಕ್ಷಸ ಕದ್ದ ಕುರಿಮಂದೆಯನ್ನು ಬಿಡಿಸಿ ತರುತ್ತಾನೆ.

“ಹಾರೋದನ್ನ ಹೆಂಗೆ ತೆಗೀತೀರಿ?” ಅಂದೆ.

“ಅದು ಟೆಕ್ನಿಕ್. ನಿಮಗೆ ಅರ್ಥ ಆಗಲ್ಲ.”

“ಕ್ಯಾಮೆರಾ ಎಲ್ಲೈತೆ?”

“ಅದು ಆಮೇಲೆ ಬರುತ್ತೆ. ಮೊದಲು ಹೀರೋನ ಹಾರಿಸಾಣ.”

೨. ರೈಟ್, ರೈಟ್

ಹೀರೋ ಹೊಳಲ್ಕೆರೆ ಬಸ್ಸಿನ ಕಂಡಕ್ಟರ್. ಅವನಿಗಿದ್ದದ್ದು ಕಲೆಯ ಹುಚ್ಚಲ್ಲ, ಆದಿವಾಲದಲ್ಲಿ ಕುರಿ ಸಾಕುವ ಗೌಡರ ಮಗಳ ಹುಚ್ಚು. “ಊರೂರು ತಿರುಗೋನಿಗೆ ಹೆಣ್ಣು ಕೊಡಾದಿಲ್ಲ” ಎಂದು ಗೌಡರು ಖಡಾಖಂಡಿತವಾಗಿ ಹೇಳಿದ್ದರು. ಸಿನಿಮಾ ಹೀರೋ ಆದರೆ ಕೊಟ್ಟಾರು ಎಂಬ ಆಸೆಯಿಂದ, ಪಾಪ, ಹಾರಲು ಒಪ್ಪಿದ್ದ.

ಕೋಟೆಯ ಬಂಡೆ ಮೇಲೆ ಪ್ರಾಕ್ಟೀಸ್. ಸೊಂಟಕ್ಕೆ ಹಗ್ಗ, ಬೆನ್ನಿಗೆ ನಮ್ಮಂಗಡಿಯ ರಾಜವೇಷದ ಮಖಮಲ್ಲು ಹೊದಿಕೆ. ನಿರ್ದೇಶಕ ಕೆಳಗಿನಿಂದ “ಹಾರಯ್ಯಾ!” ಅಂದ. ಇವನು ಕಣ್ಣು ಮುಚ್ಚಿ, ಅಭ್ಯಾಸಬಲದಿಂದ “ರೈಟ್, ರೈಟ್” ಅಂದ. ಕಾಲು ಅರ್ಧ ಅಡಿ ಮುಂದೆ ಹೋದದ್ದೇ ತಡ, “ಹೋಲ್ಡಾನ್! ಹೋಲ್ಡಾನ್!” ಎಂದು ಕಿರುಚುತ್ತಾ ಬಂಡೆಯನ್ನೇ ತಬ್ಬಿಕೊಂಡ. ಮಖಮಲ್ಲು ಪರ್ರನೆ ಹರಿಯಿತು.

ನಿರ್ದೇಶಕ ಮಾತ್ರ, “ಆ್ಯಕ್ಟಿಂಗ್ ಅಂದ್ರೆ ಇದು!” ಅಂದ.

೩. ಸುಳ್ಳಿಲ್ಲದ ಕತೆ

ಮಖಮಲ್ಲು ಹರಿದದ್ದೇ, “ನಮ್ಮ ಸೀಮೆಯ ವೀರ ಕಂಬಳಿ ಹೊದ್ದೇ ಹಾರಬೇಕು” ಎಂದು ನಿರ್ದೇಶಕನ ಘೋಷಣೆಯಾಯಿತು. ಅದಕ್ಕಿಂತ ಒರಳುಕಲ್ಲು ಕಟ್ಟಿಕೊಳ್ಳಲಿ ಅಂದೆ. ಯಾರೂ ಕೇಳಲಿಲ್ಲ. ಕಂಬಳಿ, ಕುರಿಮಂದೆ ಎರಡನ್ನೂ ಕೇಳಲು ಅದೇ ಗೌಡರ ಮನೆಗೆ ಹೋದೆವು.

ಗೌಡರು ಪೂಜೆಗೆ, ಪಂಚಾಯ್ತಿಗೆ ಹಾಸುವ ಕರಿಕಂಬಳಿ ಹಾಸಿದರು. “ಕುಂತ್ಕಳ್ರಿ. ಇದರ ಮೇಲೆ ಕುಂತೋರು ಸುಳ್ಳು ಹೇಳಂಗಿಲ್ಲ. ಈಗ ಸಿನಿಮಾ ಕತೆ ಹೇಳ್ರಿ.”

“ನಮ್ಮ ಹೀರೋ ಆಕಾಶದಲ್ಲಿ ಹಾರ್ತಾನೆ…” ಎಂದು ನಿರ್ದೇಶಕ ಶುರುಮಾಡಿದ.

“ನಿಜವಾಗ್ಲೂ ಹಾರ್ತಾನಾ?”

ನಿರ್ದೇಶಕ ಮೆಲ್ಲಗೆ ಜರುಗಿ ಬರೀ ನೆಲದ ಮೇಲೆ ಕೂತ.

ಗೌಡರು ಕಂಡಕ್ಟರನ ಕಡೆ ತಿರುಗಿದರು. “ಲೇ, ನೀನೇ ಹೇಳು. ಹಾರ್ತೀಯಾ?”

ಬಾಗಿಲ ಹಿಂದೆ ಬಳೆ ಸದ್ದಾಯಿತು. ಹೌದೆಂದರೆ ಕಂಬಳಿಗೆ ದ್ರೋಹ, ಇಲ್ಲವೆಂದರೆ ಹುಡುಗಿ ಕೈತಪ್ಪುತ್ತಾಳೆ. ಅವನ ಮುಖ ನೋಡಿ ನನಗೇ ಅಳು ಬಂತು.

“ಇಲ್ಲ ಗೌಡ್ರೇ. ಬಸ್ಸಿನ ಟಾಪ್ ಹತ್ತಿದ್ರೂ ತಲೆ ತಿರುಗ್ತೈತೆ.”

ಗೌಡರು ಒಳಗೆ ಕೂಗಿದರು: “ಎಲೆ ಅಡಿಕೆ ತಾರವ್ವ, ಹೆಣ್ಣು ಇವನಿಗೇ ಕೊಡಾಣ. ಆದ್ರೆ ಲೇ, ಈ ಹಾರೋ ಸಿನಿಮಾ ಬಿಡಬೇಕು ನೋಡು.”

ಹೀರೋ ನಿರ್ದೇಶಕನ ಕಡೆ ತಿರುಗಿ, ಜೀವಮಾನದಲ್ಲೇ ಜೋರಾಗಿ “ಹೋಲ್ಡಾನ್!” ಅಂದ. ಚಿತ್ರ ಅಲ್ಲಿಗೇ ನಿಂತಿತು. ಕ್ಯಾಮೆರಾ ಇನ್ನೂ ಬಂದಿರಲಿಲ್ಲ.

ನಿರ್ದೇಶಕ ನೆಲದಿಂದಲೇ ಗೋಗರೆದ: “ಊರೂರು ತಿರುಗೋನಿಗೆ ಹೆಣ್ಣು ಕೊಡಲ್ಲ ಅಂದಿದ್ರಂತಲ್ಲ ಗೌಡ್ರೇ?”

“ತಿರುಗೋ ಅಳಿಯನ್ನಾದ್ರೆ ಬಸ್ ಸ್ಟ್ಯಾಂಡಿನಾಗೆ ಕಾದು ಹಿಡೀಬೋದು ಸ್ವಾಮಿ. ಹಾರೋ ಅಳಿಯನ್ನ ಎಲ್ಲಿ ಅಂತ ಹಿಡೀಲಿ?”