ವಂದನಾರ್ಪಣೆಯ ಕಣ್ಣೀರು

ಆ ಮೆಣಸಿನಕಾಯಿ ನನ್ನ ಹೆಬ್ಬೆರಳಿನ ಉಗುರಿಗಿಂತ ಸ್ವಲ್ಪವೇ ದೊಡ್ಡದಿತ್ತು. ಕಿತ್ತಳೆ ಬಣ್ಣ, ಪುಟ್ಟ ಕುಂಬಳಕಾಯಿಯ ಆಕಾರ. ನೋಡಿದರೆ ಮುದ್ದು ಬರುವಂತಿತ್ತು.

ತೊಂಬತ್ತರ ದಶಕದ ಕೊನೆಯ ಮಾತು. ದಾವಣಗೆರೆಯ ಒಂದು ಮಹಿಳಾ ಕಾಲೇಜಿನಲ್ಲಿ ನಾನು ಸಸ್ಯಶಾಸ್ತ್ರದ ತಾತ್ಕಾಲಿಕ ಉಪನ್ಯಾಸಕಿ. ದಿನವೂ ಹರಿಹರದಿಂದ ಬಸ್ಸಿನಲ್ಲಿ ಬಂದು ಹೋಗುತ್ತಿದ್ದೆ. ಮೆಕ್ಸಿಕೋದಿಂದ ಅತಿಥಿಯಾಗಿ ಬಂದಿದ್ದ ರೋಸಾ ನಮ್ಮ ಸಭಾಂಗಣದಲ್ಲಿ ತಮ್ಮ ದೇಶದ ಕಲೆ, ಕರಕುಶಲ, ತಿಂಡಿತಿನಿಸುಗಳ ಮೇಳ ನಡೆಸಿದ್ದರು. ಕೊನೆಯ ದಿನದ ವಂದನಾರ್ಪಣೆ ನನ್ನ ಪಾಲಿಗೆ ಬಂತು.

"ಈ ಹುಡ್ಗಿ ಬಾಯೇ ಬಿಡಲ್ಲ ಅಂತಾರ್ರಿ ಕಮಿಟಿಯೋರು," ಎಂದಿದ್ದರು ಪ್ರಿನ್ಸಿಪಾಲರು. "ಮೈಕ್ ಮುಂದೆ ಚಂದಾಗಿ ಮಾತಾಡ್ರಿ. ಮುಂದಿನ ವರ್ಷಕ್ಕೂ ಇವ್ರೇ ಇರ್ಲಿ ಅಂತ ಅವ್ರಿಗೆ ಹೇಳ್ತೀನಿ."

ಹೀಗೆ ನನ್ನ ನೌಕರಿ ಒಂದು ವಂದನಾರ್ಪಣೆಯ ಮೇಲೆ ನಿಂತಿತು. ನಾನೇನು ಕಡಿಮೆ? ಅಲ್ಪವಿರಾಮಗಳ ಸಮೇತ ಬಾಯಿಪಾಠ ಮಾಡಿದೆ!

ಸಭೆಗೆ ಇನ್ನೂ ಹೊತ್ತಿತ್ತು. ಸಹೋದ್ಯೋಗಿ ಶಾಹಿದಾ, ಹರಿಹರದಿಂದ ನನ್ನ ಜೊತೆ ಬಂದಿದ್ದ ಪಕ್ಕದ ಮನೆಯ ಗಿರಿಜಕ್ಕ, ನಾನು ಮೇಳ ಸುತ್ತಿದೆವು. ಕತ್ತರಿಸಿದ ಬಣ್ಣದ ಕಾಗದದ ತೋರಣ, ಹಲ್ಲು ಕಿರಿಯುವ ಮಣ್ಣಿನ ತಲೆಬುರುಡೆ, ಮೆಕ್ಕೆಜೋಳದ ರೊಟ್ಟಿ.

"ಇಷ್ಟು ಸಣ್ಣ ರೊಟ್ಟಿ ಯಾರ ಹೊಟ್ಟಿಗೆ ಸಾಲ್ತೈತವ್ವ?" ಎನ್ನುತ್ತಾ ಗಿರಿಜಕ್ಕ ಕುರ್ಚಿ ಹಿಡಿಯಲು ಹೊರಟರು.

ರೊಟ್ಟಿಯ ಪಕ್ಕದ ಸೀಸೆಯಲ್ಲಿತ್ತು ಆ ಮೆಣಸಿನಕಾಯಿ. ನಾನು ಕೈ ಹಾಕಿದ್ದೇ ತಡ, ರೋಸಾ ಎರಡೂ ಕೈಯಾಡಿಸಿ ಬೇಡವೆಂದರು.

"ಬ್ಯಾಡ ಕಣೇ, ಆಯಮ್ಮನೇ ಹೆದರ್ತಾಳೆ," ಎಂದಳು ಶಾಹಿದಾ.

"ದಿನಾ ಸಂಜೆ ಮಂಡಕ್ಕಿ ಜೊತೆ ಮೆಣಸಿನಕಾಯಿ ಬಜ್ಜಿ ತಿನ್ನೋ ಊರು ಇದು. ಇಷ್ಟು ಪುಟ್ಟ ಕಾಯಿಗೆ ಹೆದರೋದಾ?" ಎಂದು ಇಡಿಯಾಗಿ ಬಾಯಿಗೆ ಹಾಕಿಕೊಂಡೆ.

ಏನೂ ಆಗಲಿಲ್ಲ. "ನೋಡಿದ್ಯಾ?" ಎಂದೆ.

ಅಂದು ನಾನಾಡಿದ ಕೊನೆಯ ಸ್ಪಷ್ಟ ಮಾತು ಅದೇ.

ಮೊದಲು ನಾಲಿಗೆ ಹೋಯಿತು, ಆಮೇಲೆ ಗಂಟಲು. ಕಿವಿಯೊಳಗೆ ಕುಕ್ಕರ್ ಸೀಟಿ ಹಾಕಿತು. ನೀರು ಕುಡಿದರೆ ಉರಿಗೆ ಹೊಟ್ಟೆಯ ದಾರಿಯೂ ಸಿಕ್ಕಿತು! ಶಾಹಿದಾ ಸಕ್ಕರೆ ಹುಡುಕಿಕೊಂಡು ಓಡಿದಳು. ಅಷ್ಟರಲ್ಲಿ ವೇದಿಕೆಯಿಂದ ನನ್ನ ಹೆಸರು ಕೇಳಿತು.

ಮೈಕ್ ಹಿಡಿದು "ಮಾನ್ಯ..." ಎಂದೆ. ಮುಂದಿನ ಪದ ಗಂಟಲಲ್ಲೇ ಸುಟ್ಟುಹೋಯಿತು. ಕಣ್ಣಿಂದ ಧಾರಾಕಾರ ನೀರು. ಕಾಪಾಡಿ ಎಂಬಂತೆ ರೋಸಾ ಕಡೆ ಕೈ ಚಾಚಿದೆ.

"ಆಯಮ್ಮನ್ನ ಎಷ್ಟು ಹಚ್ಕೊಂಡೈತೆ ನೋಡ್ರಿ ನಮ್ಮ ಹುಡ್ಗಿ!" ಮುಂದಿನ ಸಾಲಿನಿಂದ ಗಿರಿಜಕ್ಕನ ದನಿ. ಒಂದೊಂದೇ ಸೆರಗು ಕಣ್ಣಿಗೇರಿತು. ರೋಸಾ ಬಂದು ನನ್ನನ್ನು ತಬ್ಬಿ, ಹೆಗಲಲ್ಲಿ ಮುಖ ಹುದುಗಿಸಿ ಮೈಯೆಲ್ಲ ಕುಲುಕಿಸಿದರು. ಅವರೂ ಬಿಕ್ಕುತ್ತಿದ್ದಾರೆಂದು ಜನ ತಿಳಿದರು. ಆಕೆ ನಗುತ್ತಿದ್ದದ್ದು ನನ್ನ ಹೆಗಲಿಗೆ ಮಾತ್ರ ಗೊತ್ತು!

ಪ್ರಿನ್ಸಿಪಾಲರು ಕನ್ನಡಕ ಒರೆಸಿಕೊಂಡರು. "ವಂದನಾರ್ಪಣೆಗೆ ಜನ ಎದ್ದು ಹೋಗ್ದೆ ಕೂತಿದ್ದು ಇದೇ ಮೊದ್ಲು. ಮುಂದಿನ ವರ್ಷಾನೂ ನೀವೇ ಬರ್ರಿ." ನಿಜ ಹೇಳೋಣವೆಂದರೆ ನಾಲಿಗೆ ಏಳಲಿಲ್ಲ.

ಮರುದಿನ ಬೆಳಿಗ್ಗೆ ಗಿರಿಜಕ್ಕ ಬಾಗಿಲಿಗೆ ಬಂದರು. "ಮಗಳನ್ನ ಗಂಡನ ಮನಿಗೆ ಕಳಿಸ್ತಿದೀವಿ. ನಮ್ಮ ಮನಿಯಾಗ ಒಬ್ರಿಗೂ ಅಳು ಬರಲ್ಲ. ಬೀಗ್ರು ಏನಂದ್ಕೊಂತಾರೆ? ನಿನ್ನೆ ಅತ್ತಂಗೆ ಒಂದೀಟು ಅತ್ತು ಹೋಗವ್ವ."

ಹೋದೆ. ಕಾರು ಹೊರಟಾಗ ಗಿರಿಜಕ್ಕನೇ ಗೊಳೋ ಎಂದರು. ಡ್ರೈವರ್ ಕೂಡ ಕಣ್ಣೊರೆಸಿಕೊಂಡ. ನಾನು ಮುಖ ಕಿವುಚಿದೆ, ಮೂಗೇರಿಸಿದೆ. ಒಂದು ಹನಿಯೂ ಬರಲಿಲ್ಲ.

"ಪರದೇಶದೋರಿಗೆ ಅಷ್ಟು ಅಳ್ತೀಯ," ಗಿರಿಜಕ್ಕ ಸೆರಗು ಹಿಂಡುತ್ತಾ ಕೇಳಿದರು, "ಪಕ್ಕದ ಮನಿಯೋರಿಗೆ ಏನೂ ಇಲ್ವೇನವ್ವ?"

ಕಾಲೇಜಿಗೆ ಹೊತ್ತಾಯಿತೆಂದು ಹೇಳಿ ಬಸ್‌ಸ್ಟ್ಯಾಂಡಿನ ಕಡೆ ಓಡಿದೆ.

ಅಂದು ಭಾನುವಾರ!