ಶ್ವಾನಾಯಕ್ಕೆ ಬಿದ್ದ ಟಿ.ವಿ.

ಹೊಸ ಟಿ.ವಿ. ತಂದ ಮನೆಯಲ್ಲಿ ಒಂದು ವಾರ ಟಿ.ವಿ. ನೋಡಬೇಕಾಗಿಲ್ಲ, ಮನೆಯವರನ್ನು ನೋಡಿದರೆ ಸಾಕು ಅಂತ ನನಗೆ ಮೊದಲು ಹೇಳಿದವಳು ಕೆ.ಆರ್. ಪೇಟೆಯ ನಮ್ಮ ಚಿಕ್ಕಮ್ಮ. ಅವಳು ಅನುಭವದಿಂದಲೇ ಹೇಳಿದ್ದು. ಆಯುಧಪೂಜೆಯ ದಿನ ಹೊಸ ಟಿ.ವಿ.ಗೆ ಹಾರ ಹಾಕಿ, ಪರದೆಯ ನಟ್ಟನಡುವೆ ಭಕ್ತಿಯಿಂದ ಕುಂಕುಮ ಇಟ್ಟಳು. ಮಾರನೇ ದಿನ ಒರೆಸಿದರೆ ಬಣ್ಣ ಪೂರ್ತಿ ಹೋಗಲಿಲ್ಲ. ಅಂದಿನಿಂದ ಅವಳ ಮನೆಯಲ್ಲಿ ವಾರ್ತೆ ಓದುವ ಗಂಡಸರೂ ಹಣೆಗೆ ಇಟ್ಟುಕೊಂಡೇ ಓದುತ್ತಾರೆ. ಇಂಥವು ಎಲ್ಲರ ಮನೆಯಲ್ಲೂ ಆಗುತ್ತಲೇ ಇರುತ್ತವೆ. ನಮ್ಮ ಮನೆಯಲ್ಲಿ ಮಾತ್ರ ಒಂದೇ ವಾರದಲ್ಲಿ ಎಲ್ಲವೂ ಆಗಿಹೋದವು.

ಹಸಿರು

ನಮ್ಮದು ಕ್ಯಾತನಹಳ್ಳಿ. ನಾನು ದಿನಾ ಬಸ್ಸಿನಲ್ಲಿ ಶ್ರೀರಂಗಪಟ್ಟಣಕ್ಕೆ ಹೋಗಿ ಹೈಸ್ಕೂಲು ಮಕ್ಕಳಿಗೆ ಗಣಿತ ಹೇಳಿಕೊಟ್ಟು ಬರುತ್ತೇನೆ. ನಮ್ಮ ಯಜಮಾನರು ಕಬ್ಬು ನೋಡಿಕೊಳ್ಳುತ್ತಾರೆ. ನಮ್ಮಿಬ್ಬರನ್ನೂ ನೋಡಿಕೊಳ್ಳುವುದು ಅತ್ತೆ.

ಒಂದು ದಿನ ನಮ್ಮ ಕಡೆಯ ಕೇಬಲ್ ಚಾನಲ್‌ನವರು ಊರಿಗೆ ಬಂದು, ಸ್ಕೂಲಿನ ಅಂಗಳದಲ್ಲಿ ಎಂಟು ಜನ ಹೆಂಗಸರನ್ನು ನಿಲ್ಲಿಸಿ ಕೂರಿಸಿ ಸೋಬಾನೆ ಪದ ಹಾಡಿಸಿಕೊಂಡು ಹೋದರು. ಎಂಟು ಜನರಲ್ಲಿ ನಮ್ಮತ್ತೆಯೂ ಒಬ್ಬರು. 'ಬರೋ ಭಾನುವಾರ ಅನ್ನೊಂದು ಗಂಟೆಗೆ ಬತ್ತದಂತೆ' ಅಂತ ಬೀದಿಗೆಲ್ಲ ಹೇಳಿಬಂದರು. ಎದುರುಮನೆಯ ದೊಡ್ಡಮ್ಮನಿಗಂತೂ ಎರಡು ಸಲ ಹೇಳಿದರು. ದೊಡ್ಡಮ್ಮನೂ ಆ ಎಂಟರಲ್ಲಿ ಒಬ್ಬರು, ಮುಂದಿನ ಸಾಲಿನಲ್ಲಿ ಕೂತು ಪದ ಎತ್ತಿಕೊಟ್ಟವರು. ಆದರೂ ಹೇಳಿದರು.

'ಪದ ಎತ್ತಿದ್ದು ಅವ್ಳೇ ಇರ್ಬೋದು ಕಣವ್ವ. ಆದ್ರೆ ಇಂದ್ಲಿಂದ ನನ್ ದನಿ ಇಲ್ದಿದ್ರೆ ಅದು ನಿಲ್ತಿತ್ತಾ?' ಅಂತ ನನ್ನನ್ನು ಕೇಳಿದರು. ನಿಲ್ತಿರಲಿಲ್ಲ ಅಂತ ನಾನು ಒಪ್ಪಿಕೊಂಡೆ.

ತೊಂದರೆ ಇದ್ದದ್ದು ನಮ್ಮ ಹಳೇ ಡಬ್ಬಾ ಟಿ.ವಿ.ಯಲ್ಲಿ. ಎರಡು ವರ್ಷದಿಂದ ಅದರಲ್ಲಿ ಎಲ್ಲರೂ ಹಸಿರು. ಮದುಮಗಳು ಹಸಿರು, ಮಂತ್ರಿ ಹಸಿರು, ಅನ್ನ ಹಸಿರು. ನಮಗೆ ಅಭ್ಯಾಸವಾಗಿತ್ತು. ಆದರೆ ಈಗ ಅದರೊಳಗೆ ಹೋಗಬೇಕಾದವರು ಅತ್ತೆ.

'ನೋಡ್ಲಾ ಮಗ,' ಅಂದರು ಮಗನಿಗೆ. 'ಬೀದಿಯೋರ್ನೆಲ್ಲ ಕರ್ದಿವ್ನಿ. ನಾನು ಟಿ.ವಿ.ಲಿ ಬರೋದು ಉಟ್ಟಿದ್ ಮೇಲೆ ಇದೊಂದ್ಸಲ. ಅದ್ರಲ್ಲೂ ಪಾಚಿ ಕಟ್ಕಂಡು ಬರ್ಲಾ?'

ಯಜಮಾನರು, 'ಅವ್ವ, ಈ ಸಲ ಕಬ್ಬಿಗೆ...' ಅಂತ ಶುರು ಮಾಡಿದರು.

'ಕಬ್ಬು ಅಸ್ರಾಗೇ ಇರ್ಬೇಕು ಕಣ್ಲಾ. ನಾನ್ಯಾಕೆ ಇರ್ಬೇಕು?'

ಗುರುವಾರ ಪಾಂಡವಪುರಕ್ಕೆ ಹೊರಟೆವು.

ಮೂಲೆಯಿಂದ ಮೂಲೆಗೆ

ಹೊರಟಾಗ ನಾವು ಮೂವರು. ಊರು ದಾಟುವಷ್ಟರಲ್ಲಿ ನಾಲ್ವರಾದೆವು. ನಮ್ಮೂರ ಆಚಾರಿ, ಮರಗೆಲಸದವನು, ನಮ್ಮ ಯಜಮಾನರ ಜೊತೆ ಓದಿದವನು. 'ಗೋಡೆಗೆ ಆಕೋನು ನಾನು ಅಂದ್ಮೇಲೆ ನೋಡೋನೂ ನಾನೇ' ಅಂತ ಅಳತೆ ಟೇಪು ಜೇಬಿಗಿಟ್ಟುಕೊಂಡು ಆಟೋ ಹತ್ತಿಬಿಟ್ಟ.

ಅಂಗಡಿಯಲ್ಲಿ ಇಪ್ಪತ್ತು ಟಿ.ವಿ.ಗಳು ಗೋಡೆ ತುಂಬ ನೇತಾಡುತ್ತಿದ್ದವು. ಇಪ್ಪತ್ತರಲ್ಲೂ ಒಂದೇ ಗಿಣಿ ಒಂದೇ ಸಲ ರೆಕ್ಕೆ ಬಡಿಯುತ್ತಿತ್ತು. ಅತ್ತೆ ಒಂದೊಂದರ ಮುಂದೂ ನಿಂತು ನೋಡಿ, 'ಗಿಣಿ ಯಾವ್ದ್ರಲ್ಲಾದ್ರೂ ಚೆನ್ನಾಗೇ ಕಾಣ್ತದೆ. ಕ್ಯಾತನಳ್ಳಿಯೋರು ಎಂಗ್ ಕಾಣ್ತಾರೆ ಅದ್ ತೋರ್ಸಪ್ಪ' ಅಂದರು. ಸೇಲ್ಸ್‌ಮನ್ ಹತ್ತಿರ ಅದು ಸ್ಟಾಕ್ ಇರಲಿಲ್ಲ.

ಕೊನೆಗೆ ಒಂದನ್ನು ಒಪ್ಪಿದರು. 'ಇದು ನಲವತ್ಮೂರು ಇಂಚು' ಅಂದ ಸೇಲ್ಸ್‌ಮನ್. ಆಚಾರಿ ತಕ್ಷಣ ಟೇಪು ಬಿಚ್ಚಿ ಉದ್ದಕ್ಕೆ ಹಿಡಿದ. 'ಮೂವತ್ತೆಂಟೇ ಅದೆ. ಐದಿಂಚು ಎಲ್ಲಿ?' ಅಂದ.

ಅದನ್ನು ಮೂಲೆಯಿಂದ ಮೂಲೆಗೆ ಓರೆಯಾಗಿ ಅಳೀತಾರೆ ಅಂತ ಸೇಲ್ಸ್‌ಮನ್ ಹೇಳಿದ. ಗಣಿತದ ಟೀಚರ್ ಅನ್ನುವ ಮರ್ಯಾದೆಗೆ ನಾನೂ ಹೌದು ಅಂದೆ. ಆಚಾರಿ ನನ್ನನ್ನೇ ಮರುಕದಿಂದ ನೋಡಿದ. 'ಮೂವತ್ ವರ್ಸದಿಂದ ಬಾಗ್ಲು ಮಾಡ್ತಿವ್ನಿ ಅಕ್ಕಾರೆ. ಒಬ್ರಾದ್ರೂ ಬಾಗ್ಲನ್ನ ಮೂಲೆಯಿಂದ ಮೂಲೆಗೆ ಅಳ್ಸವ್ರಾ?'

ಅತ್ತೆ ಸೇಲ್ಸ್‌ಮನ್ ಭುಜದ ಮೇಲೆ ಕೈಯಿಟ್ಟು ಸಮಾಧಾನವಾಗಿ ಹೇಳಿದರು. 'ಸೀರೆ ಅಂಗಡೀಲಿ ಕೆಲ್ಸ ಸೇರ್ಕಬ್ಯಾಡ ಕಣಪ್ಪ.'

ಆಯ

ಅಲ್ಲಿಗೆ ಮುಗಿಯಲಿಲ್ಲ. ಆಚಾರಿ ಅಗಲವನ್ನೂ ಅಳೆದ. ಇಪ್ಪತ್ತೆರಡು. ಕಿವಿಯ ಸಂದಿಯಲ್ಲಿದ್ದ ಪೆನ್ಸಿಲ್ ತೆಗೆದು ಅಂಗೈ ಮೇಲೆ ಏನೋ ಬರೆದುಕೊಂಡು ಮುಖ ಸಣ್ಣಗೆ ಮಾಡಿದ. 'ಬ್ಯಾಡ ದೊಡ್ಡವ್ವ. ನಾಯಿ ಬಿತ್ತು' ಅಂತ ಅತ್ತೆಗೆ ಹೇಳಿದ.

ಮನೆ ಕಟ್ಟಿದವರಿಗೆ ಇದು ಗೊತ್ತಿರುತ್ತದೆ. ಉದ್ದವನ್ನು ಅಗಲದಿಂದ ಗುಣಿಸಿ ಎಂಟರಿಂದ ಭಾಗಿಸಿ ಉಳಿದದ್ದು ಎಷ್ಟು ಅಂತ ನೋಡುತ್ತಾರೆ. ಅದೇ ಆಯ. ಒಂದು ಉಳಿದರೆ ಧ್ವಜಾಯ, ಮೂರು ಉಳಿದರೆ ಸಿಂಹಾಯ, ಒಳ್ಳೆಯದು. ನಾಲ್ಕು ಉಳಿದರೆ ಶ್ವಾನಾಯ. ಏನೂ ಉಳಿಯದಿದ್ದರೆ ಕಾಕಾಯ. ಎರಡೂ ಕೆಟ್ಟದ್ದು. ಮನೆಗೆ ನೋಡುತ್ತಾರೆ, ಕೆಲವರು ಮಂಚಕ್ಕೂ ನೋಡುತ್ತಾರೆ. ಟಿ.ವಿ.ಗೆ ನೋಡಿದ್ದು ಪಾಂಡವಪುರ ತಾಲ್ಲೂಕಿನಲ್ಲಿ ಅದೇ ಮೊದಲು ಇರಬೇಕು.

ನಾನು ಮೊಬೈಲಿನಲ್ಲಿ ಲೆಕ್ಕ ಹಾಕಿದೆ. ಮೂವತ್ತೆಂಟನ್ನು ಇಪ್ಪತ್ತೆರಡರಿಂದ ಗುಣಿಸಿದರೆ ಎಂಟುನೂರ ಮೂವತ್ತಾರು. ಎಂಟರಿಂದ ಭಾಗಿಸಿದರೆ ಉಳಿಯುವುದು ನಾಲ್ಕೇ. ಆಚಾರಿಯ ಲೆಕ್ಕ ತಪ್ಪಿದ್ದರೆ ವಾದ ಮಾಡಬಹುದಿತ್ತು. ಸರಿಯಾಗಿಯೇ ಇತ್ತಲ್ಲ, ಏನು ಮಾಡುವುದು.

'ಶ್ವಾನಾಯ ಇರೋ ಮನೇಲಿ ಜಗ್ಳ ನಿಲ್ಲಾಕಿಲ್ಲ' ಅಂದ ಆಚಾರಿ.

'ಧಾರಾವಾಯಿ ಬರೋ ಯಾವ ಟಿ.ವಿ.ಲಿ ಜಗ್ಳ ನಿಂತದೆ ಏಳ್ಲಾ' ಅಂದರು ಯಜಮಾನರು.

ಸೇಲ್ಸ್‌ಮನ್ ಬಿಡುವವನಲ್ಲ. ದೊಡ್ಡದೊಂದನ್ನು ತೋರಿಸಿದ. ನಲವತ್ನಾಲ್ಕಕ್ಕೆ ಇಪ್ಪತ್ತಾರು. ಶೇಷ ಸೊನ್ನೆ, ಕಾಗೆ. 'ಸಾರ್, ಎರಡು ವರ್ಷ ಗ್ಯಾರಂಟಿ ಇದೆ' ಅಂತ ಬೇಡಿಕೊಂಡ. 'ಗ್ಯಾರಂಟಿ ಟಿ.ವಿ.ಗೆ ಕೊಟ್ರಿ. ನೋಡೋರ್ಗೆ?' ಅಂದ ಆಚಾರಿ.

ಭಾನುವಾರ ಹತ್ತಿರ ಬರುತ್ತಿತ್ತು. ಅತ್ತೆಯ ಕಣ್ಣಲ್ಲಿ ನೀರು ಬರುವುದೊಂದು ಬಾಕಿ. ಅದನ್ನು ನೋಡಿ ಆಚಾರಿಗೇ ಮನಸ್ಸು ಕರಗಿತು. 'ತಗಳಿ ದೊಡ್ಡವ್ವ, ಸುತ್ತ ಅರ್ಧರ್ಧ ಇಂಚು ಅಲಸಿನ ಮರದ್ ಪಟ್ಟಿ ಒಡೀತೀನಿ. ಮೂವತ್ತೊಂಬತ್ತಕ್ಕೆ ಇಪ್ಪತ್ಮೂರು ಆಯ್ತದೆ' ಅಂದ. ಲೆಕ್ಕ ಹಾಕಿದೆ. ಎಂಟುನೂರ ತೊಂಬತ್ತೇಳು, ಶೇಷ ಒಂದು. ಧ್ವಜಾಯ.

ಸೇಲ್ಸ್‌ಮನ್ ಆ ಅಳತೆಯನ್ನು ತನ್ನ ಡೈರಿಯಲ್ಲಿ ಬರೆದುಕೊಂಡ. 'ಇರಲಿ ಮೇಡಂ, ಮುಂದಿನ ಗಿರಾಕಿ ಕಿಕ್ಕೇರಿಯವರು, ಅವರೂ ಆಯ ಕೇಳಬಹುದು' ಅಂದ.

ಆಡು

ಬಿಲ್ಲು ಬರೆಯುವ ಮೊದಲು ಇನ್ನೊಂದು ಆಯಿತು. 'ಅಮ್ಮ, ಇದಕ್ಕೆ ಬಾಯಲ್ಲಿ ಹೇಳಿದ್ರೂ ಸಾಕು, ಕೇಳುತ್ತೆ' ಅಂತ ಸೇಲ್ಸ್‌ಮನ್ ರಿಮೋಟನ್ನು ಅತ್ತೆಯ ಬಾಯಿಯ ಹತ್ತಿರ ಹಿಡಿದ. ಮನೆಯಲ್ಲಿ ಹೇಳಿದ್ದನ್ನು ಕೇಳುವವರು ಕಡಿಮೆಯಾಗಿದ್ದ ಕಾರಣ ಅತ್ತೆಗೆ ಇದು ಬಹಳ ಹಿಡಿಸಿತು. ಗಂಟಲು ಸರಿಮಾಡಿಕೊಂಡು, 'ಆಡು ಆಕು' ಅಂದರು.

ನಮ್ಮ ಕಡೆ ಹಕಾರ ಬಾಯಿಂದ ಆಚೆ ಬರುವುದಿಲ್ಲ. ಹಾಡು ಅನ್ನುವುದು ಆಡು ಆಗಿಯೇ ಬರುತ್ತದೆ. ಟಿ.ವಿ.ಗೆ ಅದು ಗೊತ್ತಿಲ್ಲ. ಪರದೆ ತುಂಬ ಆಡುಗಳು ಬಂದವು. ಕಪ್ಪು ಆಡು, ಬಿಳಿ ಆಡು, ಆಡು ಸಾಕುವುದು ಹೇಗೆ ಅಂತ ಹೇಳುವ ಒಬ್ಬ ಮೀಸೆಯವನು.

'ಅಮ್ಮ, ಹಾ ಅನ್ಬೇಕು. ಹಾಡು.'

'ಅದ್ನೇ ಅಂತಾ ಇರೋದು. ಆಡು.'

ಇನ್ನಷ್ಟು ಆಡು ಬಂದವು. ಮೂರನೇ ಸಲಕ್ಕೆ ಅತ್ತೆ 'ಸೋಬಾನೆ ಆಡು' ಅಂತ ಬಿಡಿಸಿ ಹೇಳಿದರು. ಟಿ.ವಿ. ಸ್ವಲ್ಪ ಹೊತ್ತು ಯೋಚಿಸಿ, ಅಂಥ ತಳಿ ಸಿಗದೆ, ಮತ್ತೆ ಮೀಸೆಯವನನ್ನೇ ಕರೆತಂದಿತು.

ಸೇಲ್ಸ್‌ಮನ್ ಬೆವರುತ್ತಿದ್ದ. ಅತ್ತೆ ಮಾತ್ರ ಅಷ್ಟರಲ್ಲಿ ಕುರ್ಚಿ ಎಳೆದುಕೊಂಡು ಕೂತಿದ್ದರು. 'ಸುಮ್ಕಿರಪ್ಪ ಒಸಿ. ಆ ಬಿಳೇದು ದಿನಕ್ಕೆ ಎಷ್ಟು ಆಲು ಕೊಡ್ತದೆ ಅಂತ ಏಳ್ತಾವ್ನೆ.'

ಕೆಳಗಿನಿಂದ

ಗೋಡೆಗೆ ಹಾಕಲು ಅಂಗಡಿಯ ಕಡೆಯವರು ಸೋಮವಾರ ಬರುತ್ತೇವೆ ಅಂದಿದ್ದರು. ಸೋಮವಾರ ನಮಗೆ ಯಾವ ಉಪಯೋಗಕ್ಕೂ ಇಲ್ಲ. ಶನಿವಾರವೇ ಆಚಾರಿ ಗೋಡೆಗೆ ಹಾಕಿ, ಸುತ್ತ ಹಲಸಿನ ಪಟ್ಟಿ ಹೊಡೆದು, ಪಾಲಿಶ್ ಮಾಡಿದ. ನಿಜ ಹೇಳುತ್ತೇನೆ, ಚೆನ್ನಾಗಿಯೇ ಕಾಣುತ್ತಿತ್ತು. ದೇವರ ಪಟದ ಹಾಗೆ. ಆದರೆ ರಿಮೋಟ್ ಒತ್ತಿದರೆ ಟಿ.ವಿ. ಮಿಸುಕಲಿಲ್ಲ.

ಸೆಲ್ ಬದಲಾಯಿಸಿದೆವು. ರಿಮೋಟನ್ನು ತೊಡೆಗೆ ಬಡಿದೆವು. ಕೊನೆಗೆ ಅಂಗಡಿಗೆ ಫೋನ್ ಮಾಡಿದರೆ, 'ಕೆಳಗಡೆ ನಡುವೆ ಒಂದು ಕಣ್ಣಿರುತ್ತೆ ಮೇಡಂ, ಅದಕ್ಕೇನಾದ್ರೂ ಅಡ್ಡ ಬಂದಿದೆಯಾ?' ಅಂದರು. ಬಂದಿತ್ತು. ಹಲಸಿನ ಪಟ್ಟಿ.

'ಅಷ್ಟು ಮಾತ್ರ ಕೊಯ್ದುಬಿಡಿ' ಅಂದೆ ಆಚಾರಿಗೆ.

'ಕೊಯ್ದ್ರೆ ಅಳತೆ ಓಯ್ತದೆ ಅಕ್ಕಾರೆ. ಮತ್ತೆ ನಾಯಿಗೇ ಬಂದು ನಿಂತ್ಕತ್ತದೆ.'

ಅತ್ತೆಯೂ ಆಚಾರಿಯ ಪಕ್ಷ. ಪಟ್ಟಿಗೂ ಟಿ.ವಿ.ಗೂ ನಡುವೆ ಕೂದಲೆಳೆಯಷ್ಟು ಸಂದಿ ಇತ್ತು. ನೆಲದ ಮೇಲೆ ಅಂಗಾತ ಮಲಗಿ, ಕೈಯೆತ್ತಿ, ರಿಮೋಟನ್ನು ಆ ಸಂದಿಗೆ ಸರಿಯಾಗಿ ಹಿಡಿದರೆ ಕೆಲಸ ಮಾಡುತ್ತಿತ್ತು. ಹಾಗೆ ಮಲಗಿದವರಿಗೆ ಮಾತ್ರ ಪರದೆ ಕಾಣುವುದಿಲ್ಲ. ನೋಡುವವರು ಕುರ್ಚಿಯಲ್ಲಿ, ಚಾನಲ್ ಬದಲಿಸುವವರು ನೆಲದಲ್ಲಿ. ಆ ಕೆಲಸ ಯಜಮಾನರಿಗೆ ಬಂತು.

ಸಕ್ಕರೆ ಕೇಳಲು ಬಂದ ಎದುರುಮನೆ ದೊಡ್ಡಮ್ಮ ಬಾಗಿಲಲ್ಲೇ ನಿಂತು, ಟಿ.ವಿ.ಯ ಮುಂದೆ ಉದ್ದುದ್ದ ಬಿದ್ದು ಕೈಯೆತ್ತಿರುವ ನಮ್ಮ ಯಜಮಾನರನ್ನು ನೋಡಿದರು. ಆಮೇಲೆ ನನ್ನ ಹತ್ತಿರ ಬಂದು ಮೆಲ್ಲಗೆ ಕೇಳಿದರು.

'ಏನವ್ವ, ಅರಕೆನಾ?'

ತಲೆ

ಭಾನುವಾರ ಹತ್ತೂವರೆಗೆಲ್ಲ ನಡುಮನೆ ತುಂಬಿತು. ಅತ್ತೆ ರೇಷ್ಮೆ ಸೀರೆ ಉಟ್ಟು ನಡುವಿನ ಕುರ್ಚಿಯಲ್ಲಿ. ಪಕ್ಕದಲ್ಲಿ ದೊಡ್ಡಮ್ಮ. ಆಚಾರಿ ತನ್ನ ಪಟ್ಟಿಯ ಪಕ್ಕ. ಯಜಮಾನರು ತಮ್ಮ ಜಾಗದಲ್ಲಿ, ನೆಲದ ಮೇಲೆ.

ಹನ್ನೊಂದಕ್ಕೆ ಸರಿಯಾಗಿ ಸ್ಕೂಲಿನ ಅಂಗಳ ಕಾಣಿಸಿತು. ಆದರೆ ಕೇಬಲ್‌ನವರದ್ದು ಹಳೇ ಕಾಲದ ಚೌಕ ಚಿತ್ರ. ಹೊಸ ಟಿ.ವಿ.ಯ ನಡುವೆ ಮಾತ್ರ ಬಂತು, ಎಡಕ್ಕೂ ಬಲಕ್ಕೂ ಕಪ್ಪು ಪಟ್ಟಿ.

'ಇದ್ಯಾಕೆ ಎರಡ್ ಕಡೆ ಬೀಳು ಬುಟ್ಟವ್ರೆ?' ಅಂದ ಆಚಾರಿ. 'ಇಷ್ಟಗಲ ತಂದಿರೋದು ಇಷ್ಟು ನೋಡಕ್ಕಾ? ತುಂಬ್ಸಲಾ.'

ಯಜಮಾನರು ಕೆಳಗಿನಿಂದ ಯಾವುದೋ ಗುಂಡಿ ಒತ್ತಿದರು. ಚಿತ್ರ ಹಿಗ್ಗಿ ಎರಡೂ ಕಡೆ ತುಂಬಿಕೊಂಡಿತು. ಎಲ್ಲರೂ 'ಆ, ಈಗ ಸರೋಯ್ತು' ಅಂದರು. ಪದ ಶುರುವಾಯಿತು. ಮುಂದಿನ ಸಾಲಿನಲ್ಲಿ ದೊಡ್ಡಮ್ಮ ಕೂತು ಹಾಡುತ್ತಿರುವುದು ಅವರ ಮೂಗುಬೊಟ್ಟಿನ ಸಮೇತ ಕಾಣುತ್ತಿತ್ತು.

ಹಿಂದಿನ ಸಾಲಿನಲ್ಲಿ ನಾಲ್ಕು ಸೀರೆಗಳು ನಿಂತಿದ್ದವು. ಒಂದರ ಮೇಲೂ ತಲೆ ಇರಲಿಲ್ಲ. ಅಗಲಕ್ಕೆ ಹಿಗ್ಗಿದ ಚಿತ್ರ ಮೇಲೆ ಕೆಳಗೆ ಕತ್ತರಿಸಿಹೋಗಿತ್ತು.

ದೊಡ್ಡಮ್ಮ ಪರದೆಗೆ ಬೆರಳು ತೋರಿಸಿ, 'ಆ ಕೆಂಪ್ ಸೀರೆ ನೀನಲ್ವಾ? ಸೆರಗು ಚೆನ್ನಾಗ್ ಕಾಣ್ತದೆ ಬುಡು' ಅಂದರು.

'ನನ್ ತಲೆ ಎಲ್ಲಿ?' ಅಂದರು ಅತ್ತೆ. ದನಿ ಸಣ್ಣಗಾಗಿತ್ತು. ಒಂದು ವಾರ ಕಾದವರು ಅವರು. 'ಬೇಗ ಬದಲಾಯಿಸ್ರೀ, ಅತ್ತೆ ತಲೆ ಬರ್ತಿಲ್ಲ' ಅಂದೆ.

'ನಂಗೇನ್ ಕಾಣ್ತದೆ ಇಲ್ಲಿ? ಏಳ್ತಾ ಓಗಿ' ಅಂತ ಯಜಮಾನರು ಕೆಳಗಿನಿಂದ ಒತ್ತತೊಡಗಿದರು. ಬೀದಿಯೆಲ್ಲ ಸೇರಿ ಹೇಳತೊಡಗಿತು. 'ಬಂತು ಬಂತು, ಓಯ್ತು.' 'ಎಲ್ಲಾ ದಪ್ಪ ಆದ್ರು, ಬ್ಯಾಡ.' 'ಬರೀ ಕಾಲು, ಇನ್ನೊಂದ್ ಒತ್ತು.' ಪದದ ಎರಡು ನುಡಿ ಹೀಗೇ ಕಳೆದುಹೋಯಿತು. ಕೊನೇ ನುಡಿಗೆ ಯಾವ ಗುಂಡಿ ಒತ್ತಿದರೋ, ಚಿತ್ರ ನೆಟ್ಟಗಾಯಿತು. ಅದೇ ಹೊತ್ತಿಗೆ ಕ್ಯಾಮೆರಾದವನೂ ಹಿಂದಿನ ಸಾಲಿಗೆ ಬಂದು ಅತ್ತೆಯ ಮುಖದ ಮೇಲೆ ನಿಂತ.

ಅಷ್ಟಗಲದ ಟಿ.ವಿ.ಯಲ್ಲಿ ಅತ್ತೆಯ ಮುಖವೊಂದೇ. ಸುತ್ತ ಏಳು ಜನ ಗಂಟಲು ಬಿಚ್ಚಿ ಹಾಡುತ್ತಿರುವುದು ಕೇಳುತ್ತಿದೆ. ಅತ್ತೆಯ ಬಾಯಿ ಮಾತ್ರ ಭದ್ರವಾಗಿ ಮುಚ್ಚಿದೆ. ಕಣ್ಣು ಮಿಟುಕಿಸದೆ, ಉಸಿರು ಬಿಗಿಹಿಡಿದು, ಆಧಾರ್ ಕಾರ್ಡಿನ ಫೋಟೋಗೆ ನಿಂತವರ ಹಾಗೆ ಕ್ಯಾಮೆರಾವನ್ನೇ ನೋಡುತ್ತಿದ್ದಾರೆ. ಒಂದು ಸೆಕೆಂಡಲ್ಲ, ಎರಡಲ್ಲ, ನುಡಿ ಮುಗಿಯುವವರೆಗೂ.

ದೊಡ್ಡಮ್ಮ ನಿಧಾನವಾಗಿ ಅತ್ತೆಯ ಕಡೆ ತಿರುಗಿದರು.

ಕೆಳಗಿನಿಂದ ಯಜಮಾನರು ಸಂಭ್ರಮದಿಂದ ಕೂಗಿದರು. 'ಅವ್ವ, ತಲೆ ಬಂತಾ?'

'ಬಂತು ಕಣ್ಲಾ ಮಗ,' ಅಂದರು ಅತ್ತೆ. 'ತೆಗ್ದುಬುಡು.'

ಇದನ್ನು ನೀವೂ ನಾಲ್ಕು ಜನಕ್ಕೆ ಹೇಳಿ, ನನ್ನದೇನೂ ಅಭ್ಯಂತರವಿಲ್ಲ. ನಾಗಮಂಗಲದ ಕಡೆ ಪೂರ್ತಿ ಹೇಳಿ, ಅಲ್ಲಿ ಅತ್ತೆಯ ಗುರುತಿನವರು ಯಾರೂ ಇಲ್ಲ. ಕಿಕ್ಕೇರಿಯಲ್ಲಿ ಹೇಳುವಾಗ ಮಾತ್ರ, ಅದು ಅತ್ತೆಯ ತವರು, ತಲೆ ಇಲ್ಲದ ಕಡೆಗೇ ನಿಲ್ಲಿಸಿಬಿಡಿ.